ಬೊಜ್ಜಿನಿಂದ ಕ್ಯಾನ್ಸರ್‌ವರೆಗೆ: ನಡುವೆ ಓಡಾಡುವ ಪುಟಾಣಿ ಆರ್‌ಎನ್‌ಎಗಳು

ಬೀಡಿ, ಸಿಗರೇಟು, ಗುಟ್ಕಾದಿಂದ ಕ್ಯಾನ್ಸರ್ ಬರುತ್ತದೆ ಅಂತ ಈಗ ಶಾಲೆ ಮಕ್ಕಳಿಗೂ ಗೊತ್ತು. ಹೊಟ್ಟೆಯ ಬೊಜ್ಜಿಗೂ ಕ್ಯಾನ್ಸರಿಗೂ ನಂಟಿದೆ ಅಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಬೊಜ್ಜು ಅಂದರೆ ಶುಗರ್, ಬಿಪಿ, ಹೃದಯ, ಮಂಡಿನೋವು. ನಮ್ಮ ಪಟ್ಟಿ ಅಲ್ಲಿಗೆ ಮುಗಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2016ರಲ್ಲೇ ಈ ಪಟ್ಟಿಯನ್ನು ಉದ್ದ ಮಾಡಿತು. ಮೈಯಲ್ಲಿ ಕೊಬ್ಬು ಜಾಸ್ತಿಯಾದರೆ 13 ಬಗೆಯ ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ, ಇದಕ್ಕೆ ಸಾಕಷ್ಟು ಪುರಾವೆ ಇದೆ ಎಂದು ಅದು ಹೇಳಿತು. ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್, ಅಂಡಾಶಯ, ದೊಡ್ಡಕರುಳು, ಲಿವರ್, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಕಿಡ್ನಿ, ಥೈರಾಯ್ಡ್, ಅನ್ನನಾಳದ ಒಂದು ಬಗೆ, ಜಠರದ ಮೇಲ್ಭಾಗ, ಮಿದುಳಿನ ಹೊದಿಕೆಯ ಗಡ್ಡೆ, ಮತ್ತು ಮಲ್ಟಿಪಲ್ ಮೈಲೋಮ ಎಂಬ ರಕ್ತದ ಕ್ಯಾನ್ಸರ್. ಅದಕ್ಕೂ ಮುಂಚೆ, 2003ರಲ್ಲಿ, ಅಮೆರಿಕದ ಸುಮಾರು 9 ಲಕ್ಷ ಜನರನ್ನು 16 ವರ್ಷ ಗಮನಿಸಿದ ಅಧ್ಯಯನವೊಂದು ಬಂದಿತ್ತು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ದಾಟಿದವರು ಕ್ಯಾನ್ಸರಿನಿಂದ ಸಾಯುವ ಪ್ರಮಾಣ ಸಾಧಾರಣ ತೂಕದವರಿಗಿಂತ ಗಂಡಸರಲ್ಲಿ 52%, ಹೆಂಗಸರಲ್ಲಿ 62% ಜಾಸ್ತಿ ಇತ್ತು.

ನಂಟು ಇದೆ ಅನ್ನುವುದರಲ್ಲಿ ಈಗ ಜಗಳವಿಲ್ಲ. ಜಗಳ ಇರುವುದು ಹೇಗೆ ಅನ್ನುವುದರಲ್ಲಿ. ಹೊಟ್ಟೆಯ ಕೊಬ್ಬು ಎಲ್ಲೋ, ಸ್ತನದ ಜೀವಕೋಶ ಇನ್ನೆಲ್ಲೋ. ಒಂದರ ತೊಂದರೆ ಇನ್ನೊಂದಕ್ಕೆ ಮುಟ್ಟುವುದು ಯಾವ ದಾರಿಯಲ್ಲಿ?

ಎರಡು ದಾರಿಗಳು ಹಳೆಯವು, ಬೇಗ ಹೇಳಿ ಮುಗಿಸಬಹುದು. ಬೊಜ್ಜು ಹೆಚ್ಚಿದರೆ ಇನ್ಸುಲಿನ್ ಕೆಲಸ ಮಂಕಾಗುತ್ತದೆ, ದೇಹ ಅದನ್ನು ಇನ್ನಷ್ಟು ಸುರಿಸುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದಷ್ಟೇ ಅಲ್ಲ, ಜೀವಕೋಶಗಳಿಗೆ ಬೆಳೆಯಿರಿ ಅಂತಲೂ ಹೇಳುತ್ತದೆ. ಇನ್ನೊಂದು ಈಸ್ಟ್ರೊಜೆನ್. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ, ಆಗ ಈ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುವುದು ಕೊಬ್ಬಿನ ಅಂಗಾಂಶವೇ. ಸ್ತನ ಮತ್ತು ಗರ್ಭಕೋಶದ ಲೆಕ್ಕ ಇದರಿಂದ ಒಂದಷ್ಟು ಅರ್ಥವಾಗುತ್ತದೆ. ಆದರೆ ಲಿವರ್, ಮೇದೋಜೀರಕ ಗ್ರಂಥಿ, ಮೈಲೋಮದ ಮಾತು ಬಂದಾಗ ಈಸ್ಟ್ರೊಜೆನ್ ನೆರವಿಗೆ ಬರುವುದಿಲ್ಲ.

ಮೂರನೆಯ ದಾರಿ ಉರಿಯೂತ, ಅಂದರೆ ಸೋಂಕೋ ಗಾಯವೋ ಆದಾಗ ದೇಹದ ರಕ್ಷಣಾ ಪಡೆ ಕೆರಳುವುದು. ವಿಷಯ ದಟ್ಟವಾಗುವುದು ಇಲ್ಲೇ.

ಕೊಬ್ಬು ಅಂದರೆ ಸುಮ್ನೆ ಬಿದ್ದಿರುವ ಎಣ್ಣೆ ಅಂತ ನಾವು ಅಂದುಕೊಂಡಿದ್ದೇವೆ. 1993ರಲ್ಲಿ ಹಾರ್ವರ್ಡ್‌ನ ಗೋಖಾನ್ ಹೊಟಮಿಸ್ಲಿಗಿಲ್ ಮತ್ತು ಸಂಗಡಿಗರು ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನು ತಯಾರಾಗುತ್ತಿರುವುದನ್ನು ಕಂಡರು. ಸೋಂಕಿಲ್ಲ, ಗಾಯವಿಲ್ಲ, ಆದರೂ ಉರಿ. ಹತ್ತು ವರ್ಷದ ನಂತರ, 2003ರಲ್ಲಿ, ಎರಡು ತಂಡಗಳು ಇದಕ್ಕೆ ಕಾರಣ ಯಾರೆಂದು ಹೇಳಿದವು. ಕಸ ತಿನ್ನುವ ಬಿಳಿ ರಕ್ತಕಣ ಮ್ಯಾಕ್ರೋಫೇಜ್‌ಗಳು ಬೊಜ್ಜಿನೊಳಗೆ ಬಂದು ತುಂಬಿಕೊಂಡಿದ್ದವು. ತೆಳ್ಳಗಿನವರ ಕೊಬ್ಬಿನ ಅಂಗಾಂಶದಲ್ಲಿ ಇವುಗಳ ಪಾಲು 10%ಕ್ಕಿಂತ ಕಡಿಮೆ. ವಿಪರೀತ ದಪ್ಪಗಾದ ಇಲಿಗಳಲ್ಲಿ ಅರ್ಧದಷ್ಟು ಜೀವಕೋಶಗಳು ಇವೇ ಆಗಿದ್ದವು. ಕೊಬ್ಬಿನ ಕೋಶ ಉಬ್ಬಿ ಉಬ್ಬಿ ಸಾಯುತ್ತದೆ. ಸತ್ತ ಕೋಶದ ಸುತ್ತ ಮ್ಯಾಕ್ರೋಫೇಜ್‌ಗಳು ಕಿರೀಟದ ಆಕಾರದಲ್ಲಿ ಮುತ್ತಿಕೊಂಡು ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಜ್ವರ ಬರುವಷ್ಟು ಜೋರಲ್ಲ. ಆದರೆ ವರ್ಷಗಟ್ಟಲೆ ಆರುವುದೂ ಇಲ್ಲ.

ಅದೇ 1993ರ ಕೊನೆಯಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವಿನ ಬೆಳವಣಿಗೆಯನ್ನು ನೋಡುತ್ತಿದ್ದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರ ಪ್ರಯೋಗಾಲಯಗಳು ಬಹಳ ಚಿಕ್ಕ ಆರ್‌ಎನ್‌ಎಯೊಂದನ್ನು ಕಂಡವು. ಡಿಎನ್‌ಎಯ ನಕಲಾದ ಆರ್‌ಎನ್‌ಎಗಳಲ್ಲಿ ಹಲವು ಪ್ರೋಟೀನು ತಯಾರಿಸುವ ಸಂದೇಶ ಒಯ್ಯುತ್ತವೆ, ಈ ಪುಟಾಣಿಯ ಕೆಲಸ ಅದಲ್ಲ. ಬೇರೆ ಜೀನಿನ ಪ್ರೋಟೀನು ತಯಾರಾಗದಂತೆ ತಡೆಯುವುದೇ ಅದರ ಕೆಲಸ. ಹುಳುವಿನ ವಿಚಿತ್ರ ಅಂತ ಏಳು ವರ್ಷ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 2000ದಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿತು. ಅದು ಮನುಷ್ಯನಲ್ಲೂ ಇತ್ತು! ಆಮೇಲೆ ಬಾಗಿಲು ತೆರೆಯಿತು. ಇಬ್ಬರಿಗೂ 2024ರಲ್ಲಿ ನೊಬೆಲ್ ಬಂತು.

ಈ ಪುಟಾಣಿ ಆರ್‌ಎನ್‌ಎಗಳ ಹೆಸರೇ ಮೈಕ್ರೋಆರ್‌ಎನ್‌ಎ. ಒಂದೊಂದೂ ಸುಮಾರು 22 ಅಕ್ಷರಗಳ ಚೂರು. ಜೀನು ಅಂದರೆ ಮೇಲಿನವರು ಹೊರಡಿಸುವ ಆದೇಶ ಅಂದುಕೊಳ್ಳಿ. ಮೈಕ್ರೋಆರ್‌ಎನ್‌ಎ ಆ ಆದೇಶದ ಫೈಲಿನ ಮೇಲೆ ಕೈಯಿಟ್ಟು ಕೂತ ಗುಮಾಸ್ತ. ಆದೇಶ ರದ್ದಾಗಿಲ್ಲ, ಫೈಲು ಮುಂದಕ್ಕೆ ಹೋಗುತ್ತಿಲ್ಲ ಅಷ್ಟೇ. ಒಬ್ಬ ಗುಮಾಸ್ತನ ಕೈಕೆಳಗೆ ನೂರಾರು ಫೈಲುಗಳಿರಬಹುದು, ಒಂದೇ ಫೈಲಿನ ಮೇಲೆ ಹಲವರ ಕೈಯೂ ಇರಬಹುದು. ಆದ್ದರಿಂದ ಇಲ್ಲಿ ಯಾರನ್ನೂ ಪೂರ್ತಿ ಖಳನಾಯಕ ಅನ್ನಲಾಗುವುದಿಲ್ಲ, ಯಾರನ್ನೂ ಪೂರ್ತಿ ಸಾಧು ಅನ್ನಲಾಗುವುದಿಲ್ಲ. ಇದನ್ನು ಮರೆತು ಬರೆಯುವ ಲೇಖನಗಳೇ ಜಾಸ್ತಿ.

ಉರಿಯೂತದ ಕಥೆಯಲ್ಲಿ ನಾಲ್ಕು ಹೆಸರುಗಳು ಮತ್ತೆ ಮತ್ತೆ ಬರುತ್ತವೆ: ಮಿರ್-155, ಮಿರ್-21, ಮಿರ್-146ಎ ಮತ್ತು ಲೆಟ್-7. ಮಿರ್ ಅನ್ನುವುದು ಮೈಕ್ರೋಆರ್‌ಎನ್‌ಎಯ ಚುಟುಕು ಹೆಸರು. ಅದರ ಮುಂದಿನ ಅಂಕಿಗೆ ದೊಡ್ಡ ಅರ್ಥವೇನಿಲ್ಲ, ಹೆಚ್ಚುಕಡಿಮೆ ಕಂಡುಹಿಡಿದ ಸರದಿಯ ಸಂಖ್ಯೆ.

ಮಿರ್-155 ಉರಿಯೂತಕ್ಕೆ ಗಾಳಿ ಹಾಕುತ್ತದೆ. ಮ್ಯಾಕ್ರೋಫೇಜ್ ಕೆರಳಿದಾಗ ಇದರ ಮಟ್ಟ ಏರುತ್ತದೆ. ಉರಿಯೂತದ ಸಂದೇಶವನ್ನು ತಣ್ಣಗೆ ಮಾಡುವ ಸಾಕ್ಸ್1 ಎಂಬ ಪ್ರೋಟೀನನ್ನು ಇದು ತಡೆಯುತ್ತದೆ, ಅಂದರೆ ಕಡಿವಾಣವನ್ನೇ ಸಡಿಲ ಮಾಡುತ್ತದೆ. ಇಲಿಯ ಬಿ ಕೋಶಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಇದನ್ನು ಬೇಕೆಂದೇ ಹೆಚ್ಚಿಸಿದಾಗ ರಕ್ತದ ಕ್ಯಾನ್ಸರ್ ಬಂದದ್ದನ್ನು 2006ರಲ್ಲಿ ತೋರಿಸಿದ್ದಾರೆ.

ಮಿರ್-21 ಇನ್ನೂ ನೇರ. ಇಂಟರ್‌ಲ್ಯೂಕಿನ್-6 ಬಂದು ಸ್ಟ್ಯಾಟ್3 ಎಂಬ ಸ್ವಿಚ್ಚನ್ನು ಒತ್ತಿದರೆ ಮಿರ್-21 ತಯಾರಾಗುತ್ತದೆ. ಇದು ಮೊದಲು ಚೆನ್ನಾಗಿ ತಿಳಿದುಬಂದದ್ದು ಮೈಲೋಮ ಕೋಶಗಳಲ್ಲಿ. ಮೈಲೋಮ ಆ 13ರ ಪಟ್ಟಿಯಲ್ಲಿದೆ, ಗಮನಿಸಿ. ಹೀಗೆ ಹುಟ್ಟಿದ ಮಿರ್-21 ಗಡ್ಡೆ ಬೆಳೆಯದಂತೆ ಕಾಯುವ ಪಿಟೆನ್‌ನಂಥ ಪ್ರೋಟೀನುಗಳನ್ನು ಅದುಮಿಡುತ್ತದೆ. 2010ರಲ್ಲಿ ಯೇಲ್‌ನ ಫ್ರಾಂಕ್ ಸ್ಲ್ಯಾಕ್ ಅವರ ತಂಡ ಒಂದು ಸೊಗಸಾದ ಪ್ರಯೋಗ ಮಾಡಿತು. ಇಲಿಯಲ್ಲಿ ಮಿರ್-21 ಹೆಚ್ಚಿಸಿದರೆ ಲಿಂಫೋಮ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಬಂತು. ಅದೊಂದನ್ನೇ ಮತ್ತೆ ಆರಿಸಿದರೆ ಗಡ್ಡೆ ಕರಗಿತು. ಕ್ಯಾನ್ಸರ್ ಒಂದು ಪುಟ್ಟ ಆರ್‌ಎನ್‌ಎಗೆ ಚಟಕ್ಕೆ ಬಿದ್ದ ಹಾಗೆ ಅಂಟಿಕೊಂಡಿರಬಹುದು ಅಂತ ಆಗ ಗೊತ್ತಾಯಿತು.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಿರ್-146ಎ. ಬೊಜ್ಜು-ಕ್ಯಾನ್ಸರ್ ನಂಟಿನ ಬಗ್ಗೆ ಬರೆಯುವವರು 155 ಮತ್ತು 21ರ ಹಿಂದೆ ಓಡುತ್ತಾರೆ, ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಉರಿಯೂತದ ಮುಖ್ಯ ಸ್ವಿಚ್ಚು ಎನ್‌ಎಫ್-ಕಪ್ಪಾಬಿ. ಅದು ಹತ್ತಿಕೊಂಡಾಗ ಮಿರ್-146ಎ ಕೂಡ ಹುಟ್ಟುತ್ತದೆ, ಹುಟ್ಟಿ ಅದೇ ಸ್ವಿಚ್ಚಿಗೆ ಸಂದೇಶ ಸಾಗಿಸುವ ಎರಡು ಪ್ರೋಟೀನುಗಳನ್ನು ತಡೆಯುತ್ತದೆ. ಅಂದರೆ ಉರಿ ತನ್ನನ್ನು ಆರಿಸುವ ನೀರನ್ನೂ ತಾನೇ ತರುತ್ತದೆ. ಕ್ಯಾಲ್ಟೆಕ್‌ನ ಡೇವಿಡ್ ಬಾಲ್ಟಿಮೋರ್ ಅವರ ತಂಡ 2006ರಲ್ಲಿ ಇದನ್ನು ತೋರಿಸಿತು.

ಇದನ್ನು ಕಿತ್ತುಹಾಕಿದರೆ ಏನಾಗುತ್ತದೆ? 2011ರಲ್ಲಿ ಬಂದ ಉತ್ತರ ಹೀಗಿದೆ: ಮಿರ್-146ಎ ಇಲ್ಲದ ಇಲಿಗಳು ವಯಸ್ಸಾದಂತೆ ಉರಿಯೂತದಿಂದ ಬಳಲಿದವು, ಅವುಗಳಲ್ಲಿ ಗಡ್ಡೆಗಳೂ ಕಾಣಿಸಿಕೊಂಡವು. 2019ರಲ್ಲಿ ಯೂಟಾದ ರಯಾನ್ ಓಕಾನೆಲ್ ಅವರ ತಂಡ ಅಂಥದೇ ಇಲಿಗಳಿಗೆ ಕೊಬ್ಬಿನ ಆಹಾರ ಹಾಕಿ ನೋಡಿತು. ಮಾಮೂಲಿ ಇಲಿಗಳಿಗಿಂತ ಇವು ಜಾಸ್ತಿ ದಪ್ಪಗಾದವು, ಉರಿಯೂತವೂ ಸಕ್ಕರೆಯೂ ಏರಿದವು. ಎರಡು ಪ್ರಯೋಗ, ಎರಡು ಬೇರೆ ಪ್ರಶ್ನೆ. ಆದರೆ ತಪ್ಪಿಹೋದ ಕಡಿವಾಣ ಒಂದೇ. ಬೊಜ್ಜು ಬಂದದ್ದರಿಂದ ಮೈಕ್ರೋಆರ್‌ಎನ್‌ಎ ಕೆಟ್ಟು, ಅದರಿಂದ ಕ್ಯಾನ್ಸರ್ ಅಂತ ನಾವು ನೇರ ಗೆರೆ ಎಳೆಯುತ್ತೇವೆ ಅಲ್ವಾ? ಇಲ್ಲಿ ಗೆರೆ ಹಾಗಿಲ್ಲ. ಕಡಿವಾಣ ಸಡಿಲವಾದರೆ ಬೊಜ್ಜೂ ಕ್ಯಾನ್ಸರೂ ಎರಡೂ ಸಲೀಸಾಗಬಹುದು. ಬೇರೊಂದು ಕಾರಣದ ಎರಡು ಫಲಗಳಾಗಿಯೂ ಅವು ಇರಬಹುದು.

ಲೆಟ್-7ರ ಕಥೆ ಇದಕ್ಕೆ ಜೋಡಿ. ಕ್ಯಾನ್ಸರ್ ಬೆಳೆಸುವ ರಾಸ್ ಎಂಬ ಜೀನನ್ನು ಅದು ಹಿಡಿದಿಡುತ್ತದೆ, ಇಂಟರ್‌ಲ್ಯೂಕಿನ್-6 ಅನ್ನೂ ಕಡಿಮೆ ಮಾಡುತ್ತದೆ. 2009ರಲ್ಲಿ ಹಾರ್ವರ್ಡ್‌ನ ಕೆವಿನ್ ಸ್ಟ್ರೂಲ್ ಅವರ ತಂಡ ಕ್ಯಾನ್ಸರ್ ಅಲ್ಲದ ಸ್ತನಕೋಶಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಉರಿಯೂತ ಹೊತ್ತಿಸಿತು. ಲೆಟ್-7 ಕುಸಿಯಿತು, ಇಂಟರ್‌ಲ್ಯೂಕಿನ್-6 ಏರಿತು, ಅದು ಮತ್ತೆ ಎನ್‌ಎಫ್-ಕಪ್ಪಾಬಿಯನ್ನು ಕೆರಳಿಸಿತು, ಲೆಟ್-7 ಮತ್ತೆ ಕುಸಿಯಿತು. ಕಿಡಿ ಹೊತ್ತಿಸಿದ ಕಾರಣ ಹೋದ ಮೇಲೂ ಈ ಸುತ್ತು ನಿಲ್ಲಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಕೋಶಗಳು ಕ್ಯಾನ್ಸರ್ ಕೋಶಗಳಾಗಿಯೇ ಉಳಿದವು. ಬೊಜ್ಜು ಈ ಪ್ರಯೋಗದಲ್ಲಿ ಇರಲಿಲ್ಲ, ಇದು ಗಾಜಿನ ತಟ್ಟೆಯ ಮಾತು. ಆದರೂ ವರ್ಷಗಟ್ಟಲೆ ಇಂಟರ್‌ಲ್ಯೂಕಿನ್-6 ಸುರಿಸುವ ಅಂಗಾಂಶದ ಪಕ್ಕದಲ್ಲಿ ಇಂಥ ಸುತ್ತು ಶುರುವಾಗುವ ಅವಕಾಶ ಎಷ್ಟಿರಬಹುದು ಅಂತ ಯೋಚನೆ ಬಾರದೆ ಇರುವುದಿಲ್ಲ.

ಇಷ್ಟೆಲ್ಲ ನಡೆಯುವುದು ಒಂದು ಕೋಶದ ಒಳಗೆ. ಕೊಬ್ಬಿನಿಂದ ದೂರದ ಅಂಗಕ್ಕೆ ಸುದ್ದಿ ಹೋಗುವುದು ಹೇಗೆ? ಜೀವಕೋಶಗಳು ಎಕ್ಸೊಸೋಮ್ ಎಂಬ ಅತಿ ಸೂಕ್ಷ್ಮ ಚೀಲಗಳನ್ನು ರಕ್ತಕ್ಕೆ ಬಿಡುತ್ತವೆ, ಅದರಲ್ಲಿ ಮೈಕ್ರೋಆರ್‌ಎನ್‌ಎ ಇರುತ್ತದೆ. 2017ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಡಯಾಬಿಟಿಸ್ ಸೆಂಟರ್‌ನಲ್ಲಿ ರೊನಾಲ್ಡ್ ಕಾನ್ ಅವರ ತಂಡ ಕೊಬ್ಬಿನ ಕೋಶದಲ್ಲಿ ಮಾತ್ರ ಮೈಕ್ರೋಆರ್‌ಎನ್‌ಎ ತಯಾರಾಗದಂಥ ಇಲಿಗಳನ್ನು ಮಾಡಿತು. ಅವುಗಳ ರಕ್ತದ ಎಕ್ಸೊಸೋಮ್‌ಗಳಲ್ಲಿ ನೂರಾರು ಮೈಕ್ರೋಆರ್‌ಎನ್‌ಎಗಳ ಮಟ್ಟ ಬಿದ್ದುಹೋಯಿತು. ಅಂದರೆ ಈ ಚೀಲಗಳ ಸರಕಿನ ದೊಡ್ಡ ಪಾಲು ಬರುವುದು ಕೊಬ್ಬಿನಿಂದ. ಅದೇ ವರ್ಷ ಸ್ಯಾನ್ ಡಿಯಾಗೊದ ಜೆರಾಲ್ಡ್ ಒಲೆಫ್ಸ್ಕಿ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಪ್ಪ ಇಲಿಯ ಕೊಬ್ಬಿನ ಮ್ಯಾಕ್ರೋಫೇಜ್‌ಗಳಿಂದ ಎಕ್ಸೊಸೋಮ್ ತೆಗೆದು ತೆಳ್ಳಗಿನ ಇಲಿಗೆ ಚುಚ್ಚಿದರು. ತೆಳ್ಳಗಿನ ಇಲಿ ತೆಳ್ಳಗೇ ಇತ್ತು, ಆದರೆ ಅದರ ದೇಹ ಇನ್ಸುಲಿನ್ ಮಾತು ಕೇಳುವುದನ್ನು ಬಿಟ್ಟಿತು. ಆ ಚೀಲಗಳಲ್ಲಿ ಹೆಚ್ಚಾಗಿದ್ದ ಸರಕುಗಳಲ್ಲಿ ಒಂದು ಮಿರ್-155.

ಕ್ಯಾನ್ಸರಿಗೆ ಬಂದರೆ, 2016ರ ಒಂದು ಕೆಲಸ ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ. ಕರುಳಿನ ಮುಂದೆ ಓಮೆಂಟಮ್ ಎಂಬ ಕೊಬ್ಬಿನ ಪರದೆ ಜೋತುಬಿದ್ದಿರುತ್ತದೆ. ಅಂಡಾಶಯದ ಕ್ಯಾನ್ಸರ್ ಹರಡುವಾಗ ಬಹಳ ಸಲ ಹೋಗಿ ನೆಲೆಯೂರುವುದು ಅಲ್ಲಿ. ಅಲ್ಲಿನ ಕೊಬ್ಬಿನ ಕೋಶಗಳು ಮತ್ತು ನಾರುಕೋಶಗಳು ತಮ್ಮ ಮಿರ್-21 ಅನ್ನು ಎಕ್ಸೊಸೋಮ್ ಮೂಲಕ ಕ್ಯಾನ್ಸರ್ ಕೋಶಕ್ಕೆ ದಾಟಿಸುತ್ತವೆ ಅಂತ ಟೆಕ್ಸಸ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಶೋಧಕರು ತೋರಿಸಿದರು. ದಾಟಿಬಂದ ಮಿರ್-21, ಕೋಶ ತಾನಾಗಿ ಸಾಯಲು ಬೇಕಾದ ಅಪಾಫ್1 ಪ್ರೋಟೀನನ್ನು ತಡೆಯುತ್ತದೆ. ಆಗ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಗೂ ಆ ಕೋಶ ಜಗ್ಗುವುದಿಲ್ಲ. ಎಲ್ಲಿಂದ ಹೊರಟಿತು, ಎಲ್ಲಿ ಇಳಿಯಿತು, ಯಾವ ಪ್ರೋಟೀನನ್ನು ಹಿಡಿಯಿತು, ಅದರಿಂದ ಏನಾಯಿತು: ನಾಲ್ಕೂ ಒಂದೇ ಕಡೆ ಸಿಗುವುದು ಈ ಕ್ಷೇತ್ರದಲ್ಲಿ ಅಪರೂಪ. ಒಂದು ಮಾತು ಮಾತ್ರ ನೆನಪಿರಲಿ. ಇದು ಬಂದ ಕ್ಯಾನ್ಸರನ್ನು ಕೊಬ್ಬು ಹೇಗೆ ಕಾಪಾಡುತ್ತದೆ ಅನ್ನುವ ಕಥೆ. ಕ್ಯಾನ್ಸರ್ ಮೊದಲು ಯಾಕೆ ಬಂತು ಅನ್ನುವುದಲ್ಲ.

ಇಲ್ಲಿಂದ ಅನುಮಾನದ ಮಾತು. ಈ ವಿಷಯದ ಮೇಲೆ ಬರುವ ವಿಮರ್ಶಾ ಲೇಖನಗಳಲ್ಲಿ ಬಾಣದ ಗುರುತುಗಳ ಚಂದದ ಚಿತ್ರಗಳಿರುತ್ತವೆ. ಒಂದು ತುದಿಯಲ್ಲಿ ಬೊಜ್ಜು, ಇನ್ನೊಂದು ತುದಿಯಲ್ಲಿ ಗಡ್ಡೆ, ನಡುವೆ ಮಿರ್‌ಗಳ ಸಾಲು. ಆ ಒಂದೊಂದು ಬಾಣ ಒಂದೊಂದು ಕಡೆಯಿಂದ ಬಂದದ್ದು. ಒಂದು ಇಲಿಯಿಂದ, ಒಂದು ಗಾಜಿನ ತಟ್ಟೆಯಿಂದ, ಒಂದು ರೋಗಿಗಳ ರಕ್ತದಿಂದ. ಬೊಜ್ಜಿರುವ ಮನುಷ್ಯರಲ್ಲಿ ಒಂದು ಮೈಕ್ರೋಆರ್‌ಎನ್‌ಎಯನ್ನು ತಗ್ಗಿಸಿ, ಅದರಿಂದ ಕ್ಯಾನ್ಸರ್ ಕಡಿಮೆಯಾಯಿತು ಅಂತ ತೋರಿಸಿದ ಪ್ರಯೋಗ ಇಲ್ಲ. ಕೊಂಡಿಗಳು ಗಟ್ಟಿ. ಸರಪಳಿ ಇನ್ನೂ ಪೂರ್ತಿ ಬೆಸೆದಿಲ್ಲ.

ಲೆಕ್ಕದ ತೊಡಕೂ ಇದೆ. 2014ರಲ್ಲಿ ಒಂದು ತಂಡ ಎಕ್ಸೊಸೋಮ್‌ಗಳೊಳಗೆ ನಿಜಕ್ಕೂ ಎಷ್ಟು ಮೈಕ್ರೋಆರ್‌ಎನ್‌ಎ ಇದೆ ಅಂತ ಎಣಿಸಲು ಕೂತಿತು. ಯಾವುದೇ ಒಂದು ಮಿರ್ ತೆಗೆದುಕೊಂಡರೂ ಸರಾಸರಿ ಒಂದು ಚೀಲಕ್ಕೆ ಒಂದು ಪ್ರತಿಯೂ ಇರಲಿಲ್ಲ. ಬಹುಪಾಲು ಚೀಲಗಳಲ್ಲಿ ಆ ಮಿರ್ ಇರಲೇ ಇಲ್ಲ! ಇಷ್ಟು ತೆಳುವಾದ ಸರಕು ದೂರದ ಅಂಗದ ಕೋಶವನ್ನು ಬದಲಿಸುವುದು ಹೇಗೆ? ಪಕ್ಕದಲ್ಲೇ ಇರುವ ಕೋಶಕ್ಕಾದರೆ ದಿನವಿಡೀ ಸುರಿದು ಸುರಿದು ಸಾಲಬಹುದು. ಓಮೆಂಟಮ್ ಕಥೆ ನಂಬಿಕೆಗೆ ಹತ್ತಿರ ಅನ್ನಿಸುವುದು ಇದಕ್ಕೇ. ಸೊಂಟದ ಕೊಬ್ಬಿನ ಸಂದೇಶ ರಕ್ತದಲ್ಲಿ ತೇಲಿ ಥೈರಾಯ್ಡಿಗೆ ತಲುಪುತ್ತದೆ ಅನ್ನುವುದಕ್ಕೆ ಇನ್ನಷ್ಟು ಪುರಾವೆ ಕೇಳಲೇಬೇಕು.

ರಕ್ತಪರೀಕ್ಷೆಯ ವಿಚಾರದಲ್ಲಿ ನನ್ನ ಅನುಮಾನ ಇನ್ನೂ ಜಾಸ್ತಿ. ಒಂದು ಹನಿ ರಕ್ತದಲ್ಲಿ ಮಿರ್ ನೋಡಿ ಕ್ಯಾನ್ಸರ್ ಹೇಳುತ್ತೇವೆ ಎಂಬ ಆಸೆ ಹತ್ತು ಹದಿನೈದು ವರ್ಷದಿಂದ ತಿರುಗುತ್ತಿದೆ. 2012ರಲ್ಲೇ ಒಂದು ಅಧ್ಯಯನ ಎಚ್ಚರಿಸಿತ್ತು: ಕ್ಯಾನ್ಸರಿನ ಗುರುತು ಅಂತ ಹೇಳಲಾದ ಮಿರ್‌ಗಳಲ್ಲಿ ಬಹಳಷ್ಟು ಬರುವುದು ಗಡ್ಡೆಯಿಂದಲ್ಲ, ಮಾಮೂಲಿ ರಕ್ತಕಣಗಳಿಂದ. ರಕ್ತ ತೆಗೆಯುವಾಗ ಕೆಂಪು ರಕ್ತಕಣ ಸ್ವಲ್ಪ ಒಡೆದರೂ ಅಂಕಿ ಏರುಪೇರಾಗುತ್ತದೆ. ಮಿರ್-21 ಅಂತೂ ಸ್ತನ, ಕರುಳು, ಶ್ವಾಸಕೋಶದ ಕ್ಯಾನ್ಸರಲ್ಲೂ ಏರುತ್ತದೆ, ಹೃದಯದ ಕಾಯಿಲೆಯಲ್ಲೂ ಏರುತ್ತದೆ. ಎಲ್ಲದರಲ್ಲೂ ಏರುವ ಗುರುತು ಯಾವುದನ್ನೂ ಗುರುತಿಸುವುದಿಲ್ಲ. ತೂಕ ಜಾಸ್ತಿ ಇರುವವರಲ್ಲಿ ಉರಿಯೂತ ಮೊದಲೇ ಇರುತ್ತದೆ, ಅವರಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಯಾರಾದರೂ ಬೊಜ್ಜಿನ ಕ್ಯಾನ್ಸರ್ ಅಪಾಯಕ್ಕೆ ಮೈಕ್ರೋಆರ್‌ಎನ್‌ಎ ಪ್ಯಾಕೇಜ್ ಅಂತ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ.

ಔಷಧಿ? ಮಿರ್-34ಎ ಎಂಬ ಗಡ್ಡೆ ತಡೆಯುವ ಮೈಕ್ರೋಆರ್‌ಎನ್‌ಎಯನ್ನು ಕೃತಕವಾಗಿ ಮಾಡಿ ರೋಗಿಗಳಿಗೆ ಕೊಡುವ ಪ್ರಯೋಗ ಅಮೆರಿಕದಲ್ಲಿ ನಡೆಯಿತು. ರೋಗನಿರೋಧಕ ವ್ಯವಸ್ಥೆ ವಿಪರೀತ ಕೆರಳಿ ಕೆಲವು ರೋಗಿಗಳು ತೀರಿಕೊಂಡರು, 2016ರಲ್ಲಿ ಪ್ರಯೋಗ ನಿಂತಿತು. ಮಿರ್-155 ತಡೆಯುವ ಕೊಬೊಮಾರ್ಸೆನ್ ಎಂಬ ಔಷಧಿ ಚರ್ಮದ ಲಿಂಫೋಮ ರೋಗಿಗಳ ಮೇಲಿನ ಪ್ರಯೋಗದವರೆಗೆ ಹೋಯಿತು, ಮಾರುಕಟ್ಟೆ ಮುಟ್ಟಲಿಲ್ಲ. ಒಂದೇ ಕೈಯ ಕೆಳಗೆ ನೂರಾರು ಜೀನುಗಳಿದ್ದರೆ ಒಂದನ್ನು ಸರಿಮಾಡಲು ಹೋಗಿ ಇನ್ನೇನು ಅಲುಗುತ್ತದೋ ಹೇಳುವುದು ಕಷ್ಟ.

ಹಾಗಿದ್ದರೆ ಮೂಲಕ್ಕೇ ಕೈಹಾಕಿದರೆ, ಅಂದರೆ ಬೊಜ್ಜನ್ನೇ ಇಳಿಸಿದರೆ? ಈ ಕಡೆಯ ಸುದ್ದಿ ವಾಸಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ರಕ್ತದಲ್ಲಿ ಹಲವು ಮೈಕ್ರೋಆರ್‌ಎನ್‌ಎಗಳ ಮಟ್ಟ ಬದಲಾದದ್ದನ್ನು 2013ರಲ್ಲಿ ಸ್ಪೇನಿನ ಸಂಶೋಧಕರು ಕಂಡಿದ್ದಾರೆ. 2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 30 ಸಾವಿರ ಜನರ ದಾಖಲೆ ಹಿಡಿದು, ಇಂಥ ಶಸ್ತ್ರಚಿಕಿತ್ಸೆ ಆದವರಲ್ಲಿ ಬೊಜ್ಜಿಗೆ ಸಂಬಂಧಿಸಿದ ಕ್ಯಾನ್ಸರ್ ಅಪಾಯ 32% ಕಡಿಮೆ ಅಂತ ಹೇಳಿತು. ಈಗ ಎಲ್ಲರ ಬಾಯಲ್ಲಿರುವುದು ತೂಕ ಇಳಿಸುವ ಇಂಜೆಕ್ಷನ್‌ಗಳು. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವಿಗೋವಿ ಜೂನ್‌ನಲ್ಲಿ ಭಾರತಕ್ಕೆ ಬಂದವು. ಸೆಮಾಗ್ಲುಟೈಡ್‌ನಂಥ (ವಿಗೋವಿಯಲ್ಲಿರುವುದು ಇದೇ) ಜಿಎಲ್‌ಪಿ-1 ಬಗೆಯ ಔಷಧಿ ತೆಗೆದುಕೊಂಡ ಡಯಾಬಿಟಿಸ್ ರೋಗಿಗಳನ್ನು ಇನ್ಸುಲಿನ್ ತೆಗೆದುಕೊಂಡವರ ಜೊತೆ ಹೋಲಿಸಿದ 2024ರ ಅಮೆರಿಕದ ಅಧ್ಯಯನದಲ್ಲಿ ಆ 13 ಕ್ಯಾನ್ಸರ್‌ಗಳ ಪೈಕಿ 10ರಲ್ಲಿ ಅಪಾಯ ಕಡಿಮೆ ಕಂಡಿತು. ಇದು ಹಳೆಯ ದಾಖಲೆಗಳನ್ನು ನೋಡಿ ಹೇಳಿದ್ದು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ತೂಕ ಇಳಿದದ್ದರಿಂದಲೋ, ಉರಿ ಇಳಿದದ್ದರಿಂದಲೋ, ಇನ್ಸುಲಿನ್ ಇಳಿದದ್ದರಿಂದಲೋ ಬಿಡಿಸಿ ಹೇಳಲು ಇದರಿಂದ ಆಗುವುದಿಲ್ಲ.

ನಮ್ಮ ಕಡೆಗೆ ಬಂದರೆ ಬಿಎಂಐ ಅಂಕಿಯೇ ಮೋಸ ಮಾಡುತ್ತದೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ತಮ್ಮದೇ ಫೋಟೋ ಹಾಕಿ ಒಂದು ಪುಟದ ಲೇಖನ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ನೋಡಲು ಇಬ್ಬರೂ ತೆಳ್ಳಗೇ. ಉರಿಯೂತ ಹುಟ್ಟುವುದು ತೂಕದ ಅಂಕಿಯಲ್ಲಲ್ಲ, ಕೊಬ್ಬಿನ ಅಂಗಾಂಶದಲ್ಲಿ, ಅದರಲ್ಲೂ ಹೊಟ್ಟೆಯೊಳಗಿನ ಕೊಬ್ಬಿನಲ್ಲಿ. ಆದ್ದರಿಂದ ಭಾರತೀಯರಿಗೆ ಬಿಎಂಐ 25ಕ್ಕೇ ಬೊಜ್ಜು ಅನ್ನುತ್ತಾರೆ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅನ್ನುತ್ತಾರೆ. 2023ರಲ್ಲಿ ಬಂದ ಐಸಿಎಂಆರ್ ಇಂಡಿಯಾಬ್ ಎಂಬ ದೇಶವ್ಯಾಪಿ ಡಯಾಬಿಟಿಸ್ ಅಧ್ಯಯನದಲ್ಲಿ ದೇಶದ 28.6% ವಯಸ್ಕರಿಗೆ ಬೊಜ್ಜಿತ್ತು. ಹೊಟ್ಟೆಯ ಬೊಜ್ಜು ಮಾತ್ರ ಲೆಕ್ಕ ಹಾಕಿದರೆ 39.5%. ಈ ಎರಡರ ನಡುವಿನ ಅಂತರದಲ್ಲಿರುವವರು ತಾವು ಸರಿಯಾಗಿದ್ದೇವೆ ಅಂದುಕೊಂಡಿರುವವರು.

ಕರ್ನಾಟಕದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದವರು ಗಂಡಸರಲ್ಲೂ ಹೆಂಗಸರಲ್ಲೂ ಸುಮಾರು 30%. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಹೆಂಗಸರ ಪಟ್ಟಿಯ ಮೇಲೆ ಒಂದು ಕಾಲಕ್ಕೆ ಗರ್ಭಕೊರಳಿನ ಕ್ಯಾನ್ಸರ್ ಇತ್ತು, ಈಗ ಸ್ತನ ಕ್ಯಾನ್ಸರ್ ಇದೆ. ಇದಕ್ಕೆ ಬೊಜ್ಜೊಂದೇ ಕಾರಣವಲ್ಲ. ತಡವಾಗಿ ಮಕ್ಕಳಾಗುವುದು, ಕಡಿಮೆ ಹಾಲುಣಿಸುವುದು, ಆಯಸ್ಸು ಹೆಚ್ಚಿರುವುದು ಎಲ್ಲ ಸೇರಿದೆ. ಆದರೆ ಇಲಿಗಳನ್ನು ಬಿಟ್ಟು ಮನುಷ್ಯರಲ್ಲಿ ಈ ಸರಪಳಿಯನ್ನು ಬೆಸೆದು ನೋಡಬೇಕು ಅಂದರೆ ಇಂಥ ನೋಂದಣಿ ಇರುವ ಊರೇ ಬೇಕು. ತೆಳ್ಳಗೆ ಕಂಡೂ ಕೊಬ್ಬು ಹೊತ್ತ ಜನ, ಅವರ ಓಮೆಂಟಮ್‌ನ ಮಾದರಿ, ಹತ್ತಿಪ್ಪತ್ತು ವರ್ಷ ಅವರನ್ನು ಗಮನಿಸುತ್ತಾ ಹೋಗುವ ತಾಳ್ಮೆ, ಎಲ್ಲವೂ ಬೇಕು. ಮೈಕ್ರೋಆರ್‌ಎನ್‌ಎ ಬಗ್ಗೆ ನಮಗಿರುವ ಜ್ಞಾನದ ಬಹುಪಾಲು ಬಂದಿರುವುದು ಇಲಿಗಳಿಂದ ಮತ್ತು ಬೇರೆ ಬಗೆಯ ದೇಹದ ಜನರಿಂದ.

ಅಲ್ಲಿಯವರೆಗೆ ಈ ವಿಜ್ಞಾನದಿಂದ ಮನೆಗೆ ಸಿಗುವುದು ಸ್ವಲ್ಪವೇ, ಆದರೆ ಸ್ಪಷ್ಟ. ಬಿಎಂಐ ಸರಿ ಇದ್ದರೂ ಟೇಪು ಹಿಡಿದು ಸೊಂಟ ಅಳೆಯಿರಿ. ಆ 13ರ ಪಟ್ಟಿಯಲ್ಲಿ ಬೊಜ್ಜಿನ ಜೊತೆ ಬಹಳ ಗಟ್ಟಿ ನಂಟಿರುವುದು ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ. ಅದು ಯಾವ ಮಿರ್ ಪರೀಕ್ಷೆಗೂ ಕಾಯದೆ ಬಹಳ ಸಲ ತಾನೇ ಸುಳಿವು ಕೊಡುತ್ತದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಒಂದು ಸಲವಾದರೂ, ಅಮ್ಮನಾಗಲಿ ಅತ್ತೆಯಾಗಲಿ ನಾಚಿಕೊಂಡು ಮುಚ್ಚಿಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಬೇಗ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಲ್ಲೇ ಬಹುತೇಕ ವಾಸಿಯಾಗುವ ಕ್ಯಾನ್ಸರ್ ಅದು.